ಮಾಯಾಲೋಕದ ಆಟವೂ ನಕ್ಷತ್ರಲೋಕದ ಆಟವೂ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ವಿಡಿಯೋ ಗೇಮುಗಳ ವಿಷಯವಾಗಿ ಬರೆಯುವದನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಮನೆಯಲ್ಲಿ ಮಕ್ಕಳ ಕೈಯಿಂದ ಮೊಬೈಲನ್ನು ಕಿತ್ತುಕೊಳ್ಳುವ ನೀವು, ಶಾಲೆಯೂ ನಿಮ್ಮ ಪಕ್ಷದಲ್ಲಿಯೇ ಇದೆಯೆಂದು ನಂಬಿರುವಿರಿ. ಆ ನಂಬಿಕೆಯನ್ನು ಕೆಡಿಸುವ ಉದ್ದೇಶವು ನನಗಿಲ್ಲ. ರಾತ್ರಿ ನಿದ್ರೆಗೆಟ್ಟು ಆಡುವ ಯಾವ ಆಟವನ್ನೂ ನಾನು ಸಮರ್ಥಿಸುವವಳಲ್ಲ. ಆದರೆ ಕಳೆದ ವರ್ಷ ಪ್ರಬಂಧಗಳನ್ನು ತಿದ್ದುವಾಗ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ಬಿಟ್ಟು ಬೇರೊಂದು ವಿಷಯವನ್ನು ಬರೆಯೋಣವೆಂದರೆ ಲೇಖನಿ ಮುಂದೆ ಸಾಗಲಿಲ್ಲ.

ಒಂಬತ್ತನೆಯ ತರಗತಿಯವರಿಗೆ 'ನನಗೆ ಪ್ರಿಯವಾದ ಕಥೆ' ಎಂಬ ವಿಷಯವು ಕೊಡಲ್ಪಟ್ಟಿತ್ತು. ಕನ್ನಡ ಪಂಡಿತರು ರಜೆಯಲ್ಲಿದ್ದ ಕಾರಣ ಪುಸ್ತಕಗಳ ಕಟ್ಟು ನನ್ನ ಮೇಜಿಗೆ ಬಂತು. ಹಾಸ್ಟೆಲಿನ ಹುಡುಗಿಯೊಬ್ಬಳು, ಬೇಸಿಗೆಯ ರಜೆಯಲ್ಲಿ ಮಾವನ ಮನೆಯ ಕಂಪ್ಯೂಟರಿನಲ್ಲಿ ಆಡಿದ 'ಔಟರ್ ವೈಲ್ಡ್ಸ್' ಎಂಬ ಆಟದ ವಿಷಯವಾಗಿ ನಾಲ್ಕು ಪುಟ ಬರೆದಿದ್ದಳು. ನಾನು ಒಂದು ಪುಟವನ್ನು ಓದಿ, ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ಇದು ಕಥೆಯಲ್ಲ, ಆಟ. ಮತ್ತೆ ಬರೆ" ಎಂದು ಬರೆದೆನು.

ಮರುದಿನ ಅವಳು ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ವಾದಕ್ಕೆ ಬಂದವಳಲ್ಲ, ಮತ್ತೆ ಬರೆಯಲು ಪುಸ್ತಕವನ್ನು ತೆಗೆದುಕೊಂಡು ಹೋಗಲು ಬಂದವಳು. ನಾನೇ ಮಾತು ತೆಗೆದು, "ಆಟವೇ ಬೇಕಾಗಿದ್ದರೆ ಕೋಟೆ, ಕುದುರೆ, ಡ್ರ್ಯಾಗನ್ನುಗಳಿರುವ ಆಟಗಳೂ ಉಂಟಂತೆ. ಅವುಗಳಲ್ಲಾದರೂ ಕಥೆಯೆಂಬುದೊಂದು ಇರುವದು. ಈ ಯಂತ್ರಗಳ ಮೇಲೆ ನಿನಗೇಕೆ ಇಷ್ಟು ಪ್ರೀತಿ?" ಎಂದು ಕೇಳಿದೆನು.

"ಅದನ್ನೂ ಆಡಿದ್ದೇನೆ, ಟೀಚರ್. ಸ್ಕೈರಿಮ್ ಎಂಬ ಆಟ. ಚೆನ್ನಾಗಿದೆ. ಆದರೆ ಅದರಲ್ಲಿ ನಾನು ಏನೂ ಮಾಡುವದಕ್ಕೆ ಮುಂಚೆಯೇ ದೊಡ್ಡವಳು. ಆ ಶಕ್ತಿ ಹುಟ್ಟಿನಿಂದಲೇ ಬಂದದ್ದು ಅನ್ನುತ್ತಾರೆ. ಇದರಲ್ಲಿ ನಾನು ಯಾರೂ ಅಲ್ಲ. ತಿಳಿದುಕೊಂಡರೆ ಮುಂದಕ್ಕೆ ಹೋಗಬಹುದು, ಇಲ್ಲದಿದ್ದರೆ ಇಲ್ಲ."

ಇಷ್ಟು ಹೇಳಿ ನಮಸ್ಕರಿಸಿ ಹೋದಳು. ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

ನನ್ನ ತಾಯಿಯು ಒಂದು ಆಸ್ಪತ್ರೆಯ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹತ್ತನೆಯ ವಯಸ್ಸಿನಲ್ಲಿ ನಾನು ಮಿಶನ್ ಬೋರ್ಡಿಂಗಿಗೆ ಸೇರಿದೆನು. ಆ ಕಾಲದಲ್ಲಿ ಹೊರಗೆ ಎಲ್ಲಿ ಹೋದರೂ ಮೊದಲನೆಯ ಪ್ರಶ್ನೆಯು, "ನೀನು ಯಾರ ಮಗಳು?" ಎಂಬದೇ. ಉತ್ತರವನ್ನು ಕೇಳಿದೊಡನೆ ಕೆಲವರ ಮುಖವು ಬೇರೆಯಾಗುತ್ತಿತ್ತು. ಅದನ್ನು ಮಕ್ಕಳು ಬೇಗನೆ ಕಂಡುಕೊಳ್ಳುತ್ತಾರೆ. ಹೀಗಿರಲಾಗಿ, ನಮಗೆ ರೇಖಾಗಣಿತವನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಯು ತ್ರಿಕೋನದ ಮೂರು ಕೋನಗಳನ್ನು ಕೂಡಿಸಲು ಹೇಳಿದ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ನಾನು ಕೂಡಿಸಿದರೂ 180, ದೊಡ್ಡ ಬಂಗಲೆಯಿಂದ ಬರುತ್ತಿದ್ದ ಹುಡುಗಿ ಕೂಡಿಸಿದರೂ 180. ನಾನು ವಿಜ್ಞಾನದ ಉಪಾಧ್ಯಾಯಿನಿಯಾದದ್ದು ಆ ದಿನದ ಕಾರಣದಿಂದಲೇ ಎಂದು ಹೇಳಬಹುದು. ಹಾಗಿದ್ದರೂ ಅದೇ ಸಂತೋಷವನ್ನು ಒಬ್ಬ ಮಗುವು ನಾಲ್ಕು ಪುಟದಲ್ಲಿ ಬರೆದು ತಂದಾಗ ನಾನು ಅಡ್ಡಗೆರೆ ಎಳೆದಿದ್ದೆನು!

ದಸರೆಯ ರಜೆಯಲ್ಲಿ ಮೈಸೂರಿನಲ್ಲಿರುವ ತಂಗಿಯ ಮನೆಗೆ ಹೋದಾಗ, ಇಂಜಿನಿಯರಿಂಗ್ ಓದುತ್ತಿರುವ ಅವಳ ಮಗಳನ್ನು ಕೂರಿಸಿಕೊಂಡು ಈ ಆಟಗಳನ್ನು ತೋರಿಸೆಂದೆನು. ಅವಳಿಗೆ ನಗು ತಡೆಯಲಾಗಲಿಲ್ಲ, ಆದರೂ ತೋರಿಸಿದಳು.

ಔಟರ್ ವೈಲ್ಡ್ಸ್ ಎಂಬದು 2019ರಲ್ಲಿ ಬಂದ ಆಟ. ಅದರಲ್ಲಿ ಒಂದು ಚಿಕ್ಕ ಸೌರಮಂಡಲವುಂಟು. 22 ನಿಮಿಷಗಳಾದ ಮೇಲೆ ಅದರ ಸೂರ್ಯನು ಸಿಡಿದು ಎಲ್ಲವೂ ನಾಶವಾಗುವದು. ಆಡುವವಳು ಪುನಃ ಮೊದಲಿನ ಸ್ಥಳದಲ್ಲಿಯೇ ಕಣ್ಣು ತೆರೆಯುವಳು. ಆಯುಧವಿಲ್ಲ, ಹಣವಿಲ್ಲ, ಸುತ್ತಿನಿಂದ ಸುತ್ತಿಗೆ ಬಲವು ಹೆಚ್ಚುವದಿಲ್ಲ. ಉಳಿಯುವದು ಕಂಡು ತಿಳಿದದ್ದು ಮಾತ್ರ. ಅಲ್ಲಿ ಜೋಡಿ ಗ್ರಹಗಳೆರಡು ಇವೆ; ಒಂದರ ಮರಳು ಇನ್ನೊಂದಕ್ಕೆ ಮರಳು ಗಡಿಯಾರದಲ್ಲಿರುವಂತೆ ಸುರಿಯುತ್ತಾ ಇರುವದು. ಒಂದರಲ್ಲಿ ಹೂತುಹೋದ ಕಟ್ಟಡಗಳು ಮೆಲ್ಲಗೆ ಹೊರಬೀಳುವಾಗ ಇನ್ನೊಂದರ ಗುಹೆಗಳು ಮುಚ್ಚಿಹೋಗುವವು. ಯಾವಾಗ ಎಲ್ಲಿಗೆ ಹೋಗಬೇಕೆಂಬದನ್ನು ಯಾರೂ ಹೇಳರು. ಎಲ್ಲವನ್ನೂ ಅರಿತವಳು ಒಂದೇ ಸುತ್ತಿನಲ್ಲಿ ಕೊನೆಯನ್ನು ಮುಟ್ಟಬಲ್ಲಳು. ಅರಿಯದವಳು ನೂರು ಸುತ್ತಿನಲ್ಲಿಯೂ ಮುಟ್ಟಳು.

ಅನಂತರ ಅವಳು 'ಕರ್ಬಲ್ ಸ್ಪೇಸ್ ಪ್ರೋಗ್ರಾಮ್' ಎಂಬದನ್ನು ತೆರೆದಳು. ಇದನ್ನು ಮೆಕ್ಸಿಕೋ ದೇಶದಲ್ಲಿ ಮಾಡಿದರು. 2011ರಲ್ಲಿ ಮೊದಲು ಹೊರಬಂದು 2015ರಲ್ಲಿ ಪೂರ್ಣವಾಯಿತು. ಹಸುರು ಮೈಯ ಕುಳ್ಳ ಜನರು ಕಲ್ಪಿತ ಗ್ರಹವೊಂದರಿಂದ ರಾಕೆಟ್ಟುಗಳನ್ನು ಹಾರಿಸುವ ತಮಾಷೆಯ ಆಟವಿದು. ಜನರು ಕಲ್ಪಿತರಾದರೂ ಗುರುತ್ವಾಕರ್ಷಣೆಯ ಲೆಕ್ಕದಲ್ಲಿ ತಮಾಷೆಯಿಲ್ಲ. ತಂಗಿಯ ಮಗಳು ಒಂದು ನೌಕೆಯನ್ನು ಕಕ್ಷೆಗೆ ಏರಿಸಿ, "ದೊಡ್ಡಮ್ಮ, ಮುಂದೆ ಹೋಗುತ್ತಿರುವ ಆ ನೌಕೆಯನ್ನು ನೀವು ಹಿಡಿಯಿರಿ ನೋಡೋಣ" ಎಂದಳು. ನಾನು ಅದರ ಕಡೆಗೆ ವೇಗವನ್ನು ಹೆಚ್ಚಿಸಿದೆನು. ನನ್ನ ನೌಕೆಯು ಮೇಲಕ್ಕೆ ಏರಿ ಹಿಂದೆಬಿದ್ದಿತು. ಇನ್ನೂ ಹೆಚ್ಚಿಸಿದೆನು, ಇನ್ನೂ ಹಿಂದೆಬಿದ್ದಿತು.

ಇಪ್ಪತ್ತು ವರ್ಷಗಳಿಂದ ಕೆಪ್ಲರನ ನಿಯಮಗಳನ್ನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದವಳು ನಾನು. ವೇಗ ಹೆಚ್ಚಿದರೆ ಕಕ್ಷೆಯು ದೊಡ್ಡದಾಗಿ ಒಂದು ಸುತ್ತಿಗೆ ಹೆಚ್ಚು ಕಾಲ ಹಿಡಿಯುವದು. ಆದದರಿಂದ ಮುಂದಿನದನ್ನು ಹಿಡಿಯಬೇಕಾದವಳು ವೇಗವನ್ನು ತಗ್ಗಿಸಿ, ಕೆಳಗಿನ ಸಣ್ಣ ಕಕ್ಷೆಗಿಳಿದು, ಬೇಗ ಸುತ್ತಿ ಬಂದು ಸೇರಬೇಕು. ಇದು ನನಗೆ ಕಾಗದದ ಮೇಲೆ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ. ನನಗೆ ಸಮಾಧಾನವಾಗುವ ಸಂಗತಿಯೊಂದುಂಟು. 1965ರ ಜೂನ್ ತಿಂಗಳಲ್ಲಿ ಜೆಮಿನಿ 4ರ ಗಗನಯಾತ್ರಿಯಾದ ಜೇಮ್ಸ್ ಮ್ಯಾಕ್‌ಡಿವಿಟ್ ಎಂಬವನೂ ತನ್ನ ರಾಕೆಟ್ಟಿನ ಮೇಲ್ಭಾಗವನ್ನು ಸಮೀಪಿಸಲು ನೇರವಾಗಿ ಅದರ ಕಡೆಗೆ ನೌಕೆಯನ್ನು ತಳ್ಳಿ, ಇಂಧನವನ್ನು ಬಹಳವಾಗಿ ವ್ಯಯಮಾಡಿ, ಕಡೆಗೆ ಪ್ರಯತ್ನವನ್ನೇ ಬಿಡಬೇಕಾಯಿತು. ಅದೇ ವರ್ಷದ ದಶಂಬರದಲ್ಲಿ ಲೆಕ್ಕದ ಪ್ರಕಾರ ನಡೆದು ಜೆಮಿನಿ 6ಎ ನೌಕೆಯು ಜೆಮಿನಿ 7ರ ಹತ್ತಿರಕ್ಕೆ ಬಂತು. ನಮ್ಮ ಚಂದ್ರಯಾನ 3 ಸಹ 2023ರ ಜುಲೈ 14ರಂದು ಹೊರಟು, ಭೂಮಿಯ ಸುತ್ತಲಿನ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡು ಹೋಗಿ, ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದದ್ದನ್ನು ನೀವೆಲ್ಲರೂ ನೋಡಿರುವಿರಿ. ಇಷ್ಟು ದಿನಗಳೇಕೆ ಬೇಕೆಂದು ಅನೇಕರು ಆಗ ನನ್ನನ್ನು ಕೇಳಿದರು. ಆ ಆಟವನ್ನು ಆಡಿದ ಮಕ್ಕಳು ಕೇಳುತ್ತಿರಲಿಲ್ಲವೆಂದು ಈಗ ತೋರುತ್ತದೆ.

ತಂಗಿಯ ಮಗಳು ನನ್ನ ಉತ್ಸಾಹಕ್ಕೆ ತಣ್ಣೀರನ್ನೂ ಎರಚಿದಳು. "ಎಲ್ಲ ನಕ್ಷತ್ರಲೋಕದ ಆಟಗಳೂ ಹೀಗಿಲ್ಲ, ದೊಡ್ಡಮ್ಮ. ಬೆಳಕಿಗಿಂತ ವೇಗವಾಗಿ ಓಡುವ ಹಡಗಿಗೂ ಪುಷ್ಪಕ ವಿಮಾನಕ್ಕೂ ಏನು ಭೇದ? ಅಲ್ಲಿಯೂ ಆರಿಸಲ್ಪಟ್ಟ ವೀರರು ಬೇಕಾದಷ್ಟು ಜನ ಇದ್ದಾರೆ." ಮಾತು ನಿಜವೇ. ಮಾಯಾಲೋಕದ ಕಥೆಗಳಲ್ಲಿಯೂ ದಾಸಿಯ ಮಗಳು ರಾಕ್ಷಸನನ್ನು ಗೆಲ್ಲುವದುಂಟು. ಆದರೂ ನನಗೆ ತೋರಿದ್ದು ಇಷ್ಟು: ಪುಷ್ಪಕ ವಿಮಾನವು ಕೆಟ್ಟರೆ ನಾವು ಯಾರನ್ನಾದರೂ ಪ್ರಾರ್ಥಿಸಬೇಕು, ಹಡಗು ಕೆಟ್ಟರೆ ಮುಚ್ಚಳವನ್ನು ತೆಗೆದು ನೋಡಬಹುದು. ಅದನ್ನು ಯಾರೋ ಕಲಿತು ಮಾಡಿದರು, ಆದದರಿಂದ ನಾನೂ ಕಲಿಯಬಹುದು ಎಂಬ ಒಂದು ಆಶೆಯು ಅದರ ಒಳಗೆ ಇರುತ್ತದೆ, ಲೆಕ್ಕವು ಸುಳ್ಳಾಗಿದ್ದರೂ ಸಹ.

ಈ ಆಶೆಯು ನಮ್ಮ ದೇಶದ ಹೆಂಗಸರಿಗೆ ಹೊಸದಲ್ಲ. ಕಂಪ್ಯೂಟರುಗಳ ಹೆಸರೂ ಇಲ್ಲದ 1905ರಲ್ಲಿ, ಬಂಗಾಳದ ರುಕಯ್ಯಾ ಸಖಾವತ್ ಹುಸೇನ್ ಎಂಬಾಕೆಯು 'ಸುಲ್ತಾನಾಳ ಸ್ವಪ್ನ' ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು, ಮದ್ರಾಸಿನಿಂದ ಕಮಲಾ ಸತ್ಯನಾಥನ್ ಅವರು ಹೊರಡಿಸುತ್ತಿದ್ದ ಸ್ತ್ರೀಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಾಲೆಯ ಮೆಟ್ಟಲನ್ನು ಹತ್ತಲು ತನಗೆ ಅವಕಾಶವಿರದಿದ್ದ ಆಕೆಯು ಕಲ್ಪಿಸಿದ ಸ್ತ್ರೀರಾಜ್ಯದಲ್ಲಿ ಎರಡು ವಿಶ್ವವಿದ್ಯಾನಿಲಯಗಳಿವೆ. ಒಂದು ಮೋಡಗಳಿಂದ ನೀರನ್ನು ಸೆಳೆಯುವದು, ಇನ್ನೊಂದು ಸೂರ್ಯನ ತಾಪವನ್ನು ಸಂಗ್ರಹಿಸುವದು. ಗಂಡಸರ ಸೈನ್ಯವು ಸೋತ ಮೇಲೆ ಶತ್ರುವನ್ನು ಓಡಿಸಿದವಳು ಒಬ್ಬ ಲೇಡಿ ಪ್ರಿನ್ಸಿಪಾಲ್. ಅವಳ ಸೇನೆ, ಅವಳ ಎರಡು ಸಾವಿರ ವಿದ್ಯಾರ್ಥಿನಿಯರು. (ನನ್ನ ವೃತ್ತಿಯವರಿಗೆ ಇಂಥ ಮರ್ಯಾದೆಯು ಬೇರೆ ಯಾವ ಕಥೆಯಲ್ಲಿಯೂ ದೊರೆತದ್ದನ್ನು ನಾನು ಕಾಣೆನು.) ಆಕೆಯು ಮಾಯಾದೇವತೆಯೊಬ್ಬಳಿಂದ ವರವನ್ನು ಕೊಡಿಸಬಹುದಾಗಿತ್ತು. ಕೊಡಿಸಲಿಲ್ಲ.

ಮಾಯಾಲೋಕವನ್ನು ನಾನು ಹಳಿಯುತ್ತಿಲ್ಲ. ಹಾಸ್ಟೆಲಿನಲ್ಲಿ ತಂದೆಯನ್ನು ಕಳೆದುಕೊಂಡ ಇನ್ನೊಬ್ಬಳು ಇದ್ದಾಳೆ. ಅವಳಿಗೆ ಸತ್ತವರು ಹಿಂದಿರುಗುವ ಕಥೆಗಳೇ ಬೇಕು. ಅವಳ ಬಳಿ ಕೆಪ್ಲರನ ಮಾತನ್ನು ನಾನು ತೆಗೆಯುವದಿಲ್ಲ.

ರಜೆ ಮುಗಿದ ಮೊದಲನೆಯ ದಿನವೇ ಆ ಹುಡುಗಿಯನ್ನು ಕರೆದು, "ನಿನ್ನ ಮೊದಲಿನ ಪ್ರಬಂಧವನ್ನು ತಾ, ಪೂರ್ತಿಯಾಗಿ ಓದುತ್ತೇನೆ" ಎಂದೆನು. ಅವಳು ಪುಸ್ತಕವನ್ನು ತಂದಳು. ಅದರಲ್ಲಿ ಪಠ್ಯಪುಸ್ತಕದ ಕಥೆಯೊಂದನ್ನು ದುಂಡಾದ ಅಕ್ಷರಗಳಲ್ಲಿ, ಒಂದು ತಪ್ಪೂ ಇಲ್ಲದೆ ಬರೆದಿದ್ದಳು. ಪಂಡಿತರು ಹತ್ತಕ್ಕೆ ಎಂಟು ಅಂಕಗಳನ್ನು ಕೊಟ್ಟಿದ್ದರು. ಹಿಂದಿನ ನಾಲ್ಕು ಪುಟಗಳು ಹರಿಯಲ್ಪಟ್ಟಿದ್ದವು.

"ಎಲ್ಲಿ ಹೋದವು?"

"ಬಿಸಾಡಿದೆ, ಟೀಚರ್."

ಈಗ ಅವಳು ಹತ್ತನೆಯ ತರಗತಿಯಲ್ಲಿದ್ದಾಳೆ. ಈ ಸಂಚಿಕೆಗಾಗಿ ಅದನ್ನು ಮತ್ತೊಮ್ಮೆ ಬರೆದುಕೊಡುವೆಯಾ ಎಂದು ಹೋದ ತಿಂಗಳು ಕೇಳಿದೆನು. ಸ್ವಲ್ಪ ಯೋಚಿಸಿ, "ಪರೀಕ್ಷೆ ಮುಗಿಯಲಿ, ಟೀಚರ್" ಎಂದಳು. ಆಕೆಗಾಗಿ ಮೀಸಲಿಟ್ಟಿದ್ದ ಪುಟಗಳಲ್ಲಿ ನಾನು ಇದನ್ನು ಬರೆದಿದ್ದೇನೆ.