ಕಾಣದ ಬಾವಲಿಯ ಊರಿಂದ

ಖಾನಾಪುರ
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನು ಮಾಡಿದರೆ ಅರ್ಧಕ್ಕೇ "ಆಮೇಲೆ ಮಾಡ್ತೀನಿ ಕಣೇ" ಅಂತ ಇಟ್ಟುಬಿಡ್ತೀಯ, ಅದಕ್ಕೇ ಕಾಗದ. ವಿಜ್ಞಾನ ಕಥೆ ಬರೆಯುವವರ ಕಮ್ಮಟ ಶುರುವಾಗುವುದು ಶುಕ್ರವಾರ. ಮೈಸೂರಿನಿಂದ ರೈಲಿನಲ್ಲಿ ಜಾಗ ಸಿಕ್ಕಿದ್ದು ಹೋದ ಭಾನುವಾರಕ್ಕೇ, ಹಾಗಾಗಿ ನಡುವೆ ಬಿಡುವು. ಎಲ್ಲರೂ ಒಂದೊಂದು ಕಥೆ ತರಬೇಕಂತೆ. ನನ್ನದು ನಿನಗೆ ಗೊತ್ತಲ್ಲ, ಗುರುಗ್ರಹದ ಒಂದು ಚಂದ್ರನ ಮೇಲೆ ಇಳಿದು ಮೂರನೇ ಪುಟದಲ್ಲಿ ಹೂತುಕೊಂಡಿದೆ. ರೂಮಿನಲ್ಲಿ ಕೂತು ಅದನ್ನು ಎಳೆಯುವ ಬದಲು ಊರು ಸುತ್ತಲು ಹೊರಟೆ.

ಬೆಳಗಾವಿಗೆ ಕೊಟ್ಟಿದ್ದು ಒಂದೇ ದಿನ. ಕೋಟೆಯೊಳಗೆ ಕಮಲ ಬಸದಿ ಇದೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಮೇಲಿನಿಂದ ಕಲ್ಲಿನ ತಾವರೆ ತಲೆಕೆಳಗಾಗಿ ಇಳಿಬಿದ್ದಿದೆ. ಕತ್ತು ನೋಯುವವರೆಗೂ ನೋಡಿದೆ. ಆಮೇಲೆ ಟಿಳಕವಾಡಿ ಕಡೆ ಕಾಂಗ್ರೆಸ್ ಬಾವಿ. ಗಾಂಧೀಜಿ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ 1924ರಲ್ಲಿ ಇಲ್ಲಿ ನಡೆಯಿತಲ್ಲ, ಬಂದವರಿಗೆಲ್ಲ ನೀರು ಬೇಕು ಅಂತ ಬಾವಿಯನ್ನೇ ತೋಡಿಸಿದರು. ನಮ್ಮ ಕಮ್ಮಟದ ಪತ್ರದಲ್ಲಿ "ನೀರಿನ ಬಾಟಲಿ ನೀವೇ ತನ್ನಿ" ಅಂತಿದೆ!

ನಿನ್ನೆ ಖಾನಾಪುರಕ್ಕೆ ಬಂದು ಹಲಸಿಯ ಕೆಂಪು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ ಚಿಲ್ಲರೆಗೋಸ್ಕರ ಕಂಡಕ್ಟರನ್ನು ಮರಾಠಿಯಲ್ಲಿ ಬೈದರು, ಅವನು ಕನ್ನಡದಲ್ಲಿ ಸಮಾಧಾನ ಹೇಳಿದ, ಇಬ್ಬರಿಗೂ ಒಂದಕ್ಷರ ತಪ್ಪಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕಾರ, ನಂದಗಡದಾಗ ಇಳದು ಮೊದಲ ರಾಯಣ್ಣಗ ಕೈ ಮುಗೀರಿ, ಹಲಸಿ ಎಲ್ಲಿ ಓಡಿ ಹೋಗ್ತೈತಿ" ಅಂದ. ಇಳಿದೆ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇಲ್ಲೇ, 1831ರ ಜನವರಿ 26ರಂದು. ಸಮಾಧಿಯ ಆಲದ ನೆರಳಲ್ಲಿ ಮುಂದಿನ ಬಸ್ಸು ಬರುವವರೆಗೂ ಕೂತಿದ್ದೆ. ಅದರ ಬಗ್ಗೆ ಬರೆಯಲು ಹೋದರೆ ಭಾಷಣವಾಗುತ್ತದೆ, ಬೇಡ.

ಹಲಸಿ ಈಗ ಹೆಂಚಿನ ಮನೆಗಳ ಸಣ್ಣ ಹಳ್ಳಿ. ಒಂದು ಕಾಲಕ್ಕೆ ಪಲಾಶಿಕಾ, ಬನವಾಸಿ ಕದಂಬರ ಎರಡನೇ ರಾಜಧಾನಿ. ಭೂವರಾಹ ನರಸಿಂಹ ಗುಡಿಯಲ್ಲಿ ಗರ್ಭಗುಡಿ ಎರಡು, ಒಂದಕ್ಕೊಂದು ಎದುರುಬದುರು. ನಡುವೆ ನಿಂತರೆ ಒಬ್ಬ ದೇವರಿಗೆ ಕೈ ಮುಗಿಯುವಾಗ ಇನ್ನೊಬ್ಬನಿಗೆ ಬೆನ್ನು. ನಾನು ಪೇಚಾಡುವುದನ್ನು ನೋಡಿ ಪೂಜೆಯವರು ನಕ್ಕು, "ಸುತ್ತ ತಿರುಗ್ರಿ, ಮುಗೀತು" ಅಂದರು. ಒಂದು ಸುತ್ತು ತಿರುಗಿದೆ. ಒಳಗಿನ ಕಲ್ಲು ಡಿಸೆಂಬರ್ ಚಳಿಗೆ ಐಸಿನ ಹಾಗಿತ್ತು. ಇದೇ ಊರಿನಲ್ಲಿ ಸಿಕ್ಕ ತಾಮ್ರಪಟದಲ್ಲಿ, ಐದನೆಯ ಶತಮಾನದ ಕಾಕುತ್ಸ್ಥವರ್ಮ ತನ್ನನ್ನು ಪಾರುಮಾಡಿದ ಸೇನಾಪತಿ ಶ್ರುತಕೀರ್ತಿಗೆ ಒಂದು ಹೊಲ ಕೊಟ್ಟಿದ್ದಾನೆ. ಪ್ರಾಣದ ಋಣಕ್ಕೆ ಒಂದು ಹೊಲ! ಯಾವುದರಿಂದ ಪಾರುಮಾಡಿದನೋ ಅಂತ ಬಸ್ಸಿನಲ್ಲಿ ವಾಪಸು ಬರುವಷ್ಟು ಹೊತ್ತೂ ಯೋಚಿಸಿದೆ.

ಇವತ್ತು ಜಾಂಬೋಟಿ ದಾಟಿ ಕಣಕುಂಬಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಕಾಡು. ಮಲಪ್ರಭೆ ಹುಟ್ಟುವುದು ಗುಡಿಯ ಹತ್ತಿರ, ಅಮ್ಮ ಬಟ್ಟೆ ನೆನೆಹಾಕಬಹುದಾದಷ್ಟು ನೀರಿನಲ್ಲಿ. ಅದು ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಗೋವಾಕ್ಕಿಳಿದು ಅರಬ್ಬಿ ಸಮುದ್ರಕ್ಕೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ನೆನಪಿದ್ದಾನಾ? ಡಬ್ಲಿನ್ನಿನಲ್ಲಿ ಹುಟ್ಟಿದ ಅವನು 1800ರಲ್ಲಿ ಬಂಡುಕೋರ ಧೋಂಡಿಯ ವಾಘನ ಬೆನ್ನುಹತ್ತಿ ಬಂದು, ಮುನವಳ್ಳಿಯಲ್ಲಿ ಆತನ ದಂಡಿನ ಮೇಲೆ ಬಿದ್ದದ್ದು ಇದೇ ಮಲಪ್ರಭೆಯ ದಡದಲ್ಲಿ. ಹದಿನೈದು ವರ್ಷದ ಮೇಲೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಅವನೇ. ನಾನಂತೂ ಅದೇ ಹೊಳೆಯನ್ನು ಚಪ್ಪಲಿ ಬಿಚ್ಚಿ ಒಂದೇ ಹೆಜ್ಜೆಗೆ ದಾಟಿದೆ.

ಆದರೆ ನನ್ನ ತಲೆ ಕೆಡಿಸಿರುವುದು ಒಂದು ಬಾವಲಿ. ಭೀಮಗಡ ಅಭಯಾರಣ್ಯದೊಳಗೆ ತಳೇವಾಡಿ ಹತ್ತಿರ ಬಾರಾಪೇಡೆ ಗುಹೆಗಳಿವೆ. ಅಲ್ಲಿನ ಒಂದು ಬಾವಲಿಗೆ 1913ರಲ್ಲಿ ಅರಣ್ಯಾಧಿಕಾರಿ ರಾಟನ್ನನ ಹೆಸರಿಟ್ಟರು. ದೊಡ್ಡ ಕಿವಿ, ಪೊರೆಗೆ ಅಂಟದೆ ಹೊರಗೆ ಚಾಚಿದ ಬಾಲ. ಎಷ್ಟೋ ದಶಕಗಳ ಕಾಲ ಜಗತ್ತಿನಲ್ಲಿ ಅದಕ್ಕೆ ಗೊತ್ತಿದ್ದ ವಿಳಾಸ ಇದೊಂದೇ. ಆಮೇಲೆ ಕಾಂಬೋಡಿಯಾದಲ್ಲಿ, ಮೇಘಾಲಯದಲ್ಲಿ ಕಂಡಿತು. ನಡುವಿನ ಅಷ್ಟು ದೂರವನ್ನು ಏನು ಮಾಡುವುದು ಹೇಳು! ಗುಹೆಗೆ ನಮ್ಮಂಥವರು ಹೋಗುವ ಹಾಗಿಲ್ಲ, ಹೋಗಲೂಬಾರದು. ಕತ್ತಲಾಗುವವರೆಗೂ ರಸ್ತೆ ಬದಿಯ ಚಹಾದಂಗಡಿಯಲ್ಲಿ ಆಕಾಶ ನೋಡುತ್ತ ಕೂತೆ. ಹಾರಿದ ಒಂದೆರಡು ಬಾವಲಿಗಳನ್ನು ತೋರಿಸಿದರೆ ಅಂಗಡಿಯವರು, "ಅವಲ್ರೀ, ಇವು ಊರಾನವು" ಅಂತ ತಳ್ಳಿಹಾಕಿದರು.

ನಮ್ಮ ವಿಜ್ಞಾನ ಕಥೆಗಳಲ್ಲಿ ಪ್ರಯೋಗಾಲಯಕ್ಕೆ ಊರಿರುವುದಿಲ್ಲ, ವಿಜ್ಞಾನಿಗೆ ಅತ್ತೆಮನೆ ಇರುವುದಿಲ್ಲ ಅಂತ ನೀನು ಅಣಕಿಸಿದ್ದೆಯಲ್ಲ, ಆಗ ಸಿಟ್ಟು ಬಂದಿತ್ತು. ಈಗ ನೀನೇ ಸರಿ ಅನ್ನಿಸಿ ಚಂದ್ರನ ಮೂರು ಪುಟ ಹರಿದುಹಾಕಿದೆ. ಹೊಸ ಕಥೆ ಜಾಂಬೋಟಿಯ ಬಸ್ಸಿಗೆ ಕಾಯುವ ಒಬ್ಬ ಹುಡುಗಿಯದು. ಅವಳಿಗೆ ಮಾತ್ರ ಕೇಳುವ ಒಂದು ಸದ್ದು ಇದೆ. ಮುಂದೇನೋ, ಶುಕ್ರವಾರದೊಳಗೆ ಹೊಳೆಯಬೇಕು.

ಬರುವಾಗ ಅರ್ಧ ಕಿಲೋ ಕುಂದಾ ತರುತ್ತೇನೆ. ಅಪ್ಪನಿಗೆ ಹೇಳಬೇಡ, ಸಕ್ಕರೆ ಟೆಸ್ಟು ಸೋಮವಾರ ಇದೆ. ಇಲ್ಲಿ ಬೆಳಗಿನ ಹೊತ್ತು ವಿಪರೀತ ಚಳಿ. ನಿನ್ನ ನೀಲಿ ಸ್ವೆಟರನ್ನು ಬೀರುವಿನಲ್ಲಿ ಹುಡುಕಬೇಡ, ನನ್ನ ಮೈಮೇಲಿದೆ.

ನಿನ್ನ
ಅಕ್ಕ