ಹಾಯೋ ಎತ್ತು, ಕಚ್ಚೋ ನಾಯಿ

ನಾಯಿ ಶೋ ಅಂದ ಕೂಡಲೇ ಜನಕ್ಕೆ ನೆನಪಾಗೋದು ಶಾಂಪೂ ಹಾಕಿ ಬಾಚಿದ ಪಮೇರಿಯನ್ನು, ಮಡಿಲಲ್ಲಿ ಕೂತ ಶಿಟ್ಜು. ಕಾವಲು ನಾಯಿಗಳಿಗೂ ಅಲ್ಲಿ ದೊಡ್ಡ ಜಾಗ ಇದೆ ಅಂತ ನನಗೆ ಗೊತ್ತಾಗಿದ್ದು ಭೈರ ಬಂದ ಮೇಲೆ. ಭೈರ ನಮ್ಮನೆ ರಾಟ್‌ವೀಲರ್. 2025ರ ಜನವರಿಯಲ್ಲಿ, ಅವನಿಗೆ ಹತ್ತೊಂಬತ್ತು ತಿಂಗಳಾಗಿದ್ದಾಗ, ಒಂದು ಪ್ರಾದೇಶಿಕ ಶೋಗೆ ಅವನ ಹೆಸರು ಕೊಟ್ಟೆ. ಅವನ ಕ್ಲಾಸಿನಲ್ಲಿ ಐದು ನಾಯಿ ಇದ್ದವು, ಇವನು ಮೂರನೆಯವನಾದ. ಫಲಿತಾಂಶ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾನು ಹೇಳಬೇಕಿರೋದು ಬೇರೆ ವಿಷಯ.

ನಮ್ಮೂರು ಅರಸೀಕೆರೆ ಕಡೆ. ಅಲ್ಲಿ ಕಾವಲು ನಾಯಿ ಅಂದ್ರೆ ಹಗಲು ಚೈನು, ರಾತ್ರಿ ತೆಂಗಿನ ತೋಟ. ಯಾರು ಬಂದರೂ ಗಂಟಲು ಹರಿಯೋ ಹಾಗೆ ಬೊಗಳಬೇಕು. ಅದು ಎಷ್ಟು ಜನಕ್ಕೆ ಬಾಯಿ ಹಾಕಿದೆ ಅನ್ನೋದೇ ಅದರ ಬಯೋಡೇಟಾ. ಭೈರನನ್ನ ಮೊದಲ ಸಲ ಊರಿಗೆ ಕರಕೊಂಡು ಹೋದಾಗ ಅವನು ಅಂಗಳಕ್ಕೆ ಬಂದವರನ್ನೆಲ್ಲ ಸುಮ್ಮನೆ ನೋಡಿ ಮಲಗಿಬಿಟ್ಟ. ಅಪ್ಪ ಒಂದೇ ಮಾತಲ್ಲಿ ತೀರ್ಪು ಕೊಟ್ಟರು: "ಇಷ್ಟು ದಪ್ಪ ಅವ್ನೆ, ಬಂದೋರನ್ನ ಒಂದ್ ಮಾತೂ ಕೇಳಾಕಿಲ್ಲ. ಮುದ್ದೆ ದಂಡ ಕಣಪ್ಪಾ."

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೂರು ಇದರ ತದ್ವಿರುದ್ಧ. 2024ರ ಮಾರ್ಚಿನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಇಪ್ಪತ್ತಕ್ಕೂ ಹೆಚ್ಚು ತಳಿಗಳ ಪಟ್ಟಿ ಮಾಡಿ, ಇವು ಅಪಾಯಕಾರಿ, ಇವುಗಳ ಮಾರಾಟಕ್ಕೆ ಸಾಕಣೆಗೆ ಪರವಾನಗಿ ಕೊಡಬೇಡಿ, ಈಗಾಗಲೇ ಮನೆಯಲ್ಲಿರೋ ನಾಯಿಗಳಿಗೆ ಸಂತಾನಹರಣ ಮಾಡಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು. ಡಾಬರ್‌ಮನ್, ಜರ್ಮನ್ ಶೆಫರ್ಡ್ ಇರಲಿಲ್ಲ. ಸಂಬಂಧಪಟ್ಟವರನ್ನ ಕೇಳದೆ ಹೊರಡಿಸಿದ್ದು ಅಂತ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಅದನ್ನ ರದ್ದು ಮಾಡಿತು. ಆದರೆ ಸುತ್ತೋಲೆ ವಾಟ್ಸಾಪ್ ಗ್ರೂಪಿಗೆ ಬಂದಷ್ಟು ಬೇಗ ಕೋರ್ಟ್ ತೀರ್ಪು ಬರಲ್ಲ, ಬಂದರೂ ಯಾರೂ ಓದಲ್ಲ. ಮೂರನೇ ಮಹಡಿಯ ಹುಡುಗನೊಬ್ಬ ಲಿಫ್ಟ್ ಬಾಗಿಲು ತೆಗೆದಾಗ ಭೈರನನ್ನ ನೋಡಿ ಕಿರುಚಿ ಓಡಿದ. ಭೈರ ಏನೂ ಮಾಡಿರಲಿಲ್ಲ. ಆ ಹುಡುಗನ ಅಮ್ಮ ನನ್ನ ಹತ್ತಿರ ಜಗಳಕ್ಕೂ ಬರಲಿಲ್ಲ. "ಅದು ಕಚ್ಚಲ್ಲ ಅಂತ ನೀವು ಹೇಳ್ತೀರಾ. ನಾನು ಹೆಂಗೆ ನಂಬಲಿ ಹೇಳಿ?" ಅಂತ ಕೇಳಿದರು, ಅಷ್ಟೇ.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಯಿ ಸಾಕಿದ ಪ್ರತಿಯೊಬ್ಬನೂ ನನ್ನ ನಾಯಿ ಬಂಗಾರ ಅಂತಲೇ ಹೇಳ್ತಾನೆ. ನನ್ನನ್ನೂ ಅವನನ್ನೂ ಗೊತ್ತಿಲ್ಲದವರು ನೋಡಿ ಹೇಳಬೇಕು ಅನ್ನಿಸಿತು. ಶೋಗೆ ಹೋಗೋಕೆ ನಿಜವಾದ ಕಾರಣ ಅದು.

ಯಾವ ನಾಯಿ ಬೇಕಾದರೂ ಹೋಗೋ ಹಾಗಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ನೋಂದಣಿ ಆಗಿರಬೇಕು, ಚರ್ಮದ ಕೆಳಗೆ ಮೈಕ್ರೋಚಿಪ್ ಇರಬೇಕು. ಸರ್ಟಿಫಿಕೇಟಿನಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜನವರೆಗೂ ಹೆಸರಿರುತ್ತೆ. ನನ್ನ ಮುತ್ತಜ್ಜನ ಹೆಸರು ನನಗೇ ಗೊತ್ತಿಲ್ಲ, ಭೈರನದು ಗೊತ್ತು. ಗಂಡು ಹೆಣ್ಣು ಬೇರೆ ಬೇರೆ, ವಯಸ್ಸಿನ ಪ್ರಕಾರ ಕ್ಲಾಸು. ಇವನದು ಇಂಟರ್‌ಮೀಡಿಯೆಟ್. ಕ್ಲಾಸು ಗೆದ್ದವರು ತಳಿಯ ಬೆಸ್ಟ್‌ಗೆ, ತಳಿ ಗೆದ್ದವರು ಗುಂಪಿಗೆ, ಗುಂಪು ಗೆದ್ದವರು ಬೆಸ್ಟ್ ಇನ್ ಶೋಗೆ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಹತ್ತು ಗುಂಪುಗಳು. ರಾಟ್‌ವೀಲರ್, ಡಾಬರ್‌ಮನ್, ಬಾಕ್ಸರ್, ಗ್ರೇಟ್ ಡೇನ್, ಮ್ಯಾಸ್ಟಿಫ್ ಎಲ್ಲ ಎರಡನೆಯದರಲ್ಲಿ. ಜರ್ಮನ್ ಶೆಫರ್ಡ್ ಪೊಲೀಸರ ಜೊತೆ ಎಷ್ಟೇ ಓಡಾಡಿದರೂ ಕುರಿ ಕಾಯೋ ಮೂಲದಿಂದಾಗಿ ಒಂದನೇ ಗುಂಪಿಗೇ ಸೇರುತ್ತೆ. ನಮ್ಮ ಮುಧೋಳ ಬೇಟೆಯ ನಾಯಿ, ಅದರ ಸಾಲೇ ಬೇರೆ.

ಜಡ್ಜ್ ನಾಯಿಗಳನ್ನ ಒಂದಕ್ಕೊಂದು ಹೋಲಿಸೋದಕ್ಕಿಂತ ಹೆಚ್ಚಾಗಿ ತಳಿಯ ಲಿಖಿತ ಮಾನದಂಡಕ್ಕೆ ಹೋಲಿಸ್ತಾರೆ. ಗಂಡು ರಾಟ್‌ವೀಲರ್ ಭುಜದ ಹತ್ತಿರ 61ರಿಂದ 68 ಸೆಂಟಿಮೀಟರ್ ಎತ್ತರ, ತೂಕ ಸುಮಾರು 50 ಕೆಜಿ, 42 ಹಲ್ಲು, ಕತ್ತರಿಯ ಹಾಗೆ ಕೂಡೋ ದವಡೆ. ಇದನ್ನೆಲ್ಲ ನಾನು ನಿರೀಕ್ಷೆ ಮಾಡಿದ್ದೆ. ಮಾಡದೇ ಇದ್ದದ್ದು ಸ್ವಭಾವದ ಭಾಗ. ಈ ನಾಯಿ ಶಾಂತವಾಗಿರಬೇಕು, ಮಕ್ಕಳನ್ನ ಕಂಡರೆ ಪ್ರೀತಿ ಇರಬೇಕು, ಹೇಳಿದ್ದು ಕೇಳಬೇಕು ಅಂತ ಮಾನದಂಡವೇ ಹೇಳುತ್ತೆ. ಹೆದರೋ ನಾಯಿ, ಸದ್ದಿಗೆ ಬೆದರೋ ನಾಯಿ, ಕಾರಣ ಇಲ್ಲದೆ ಮೇಲೆ ಬೀಳೋ ನಾಯಿ, ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಅನರ್ಹ ಮಾಡುತ್ತೆ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರು ದನ ಹೊಡೆಯೋಕೆ, ಸರಕು ಕಾಯೋಕೆ ಸಾಕಿದ ನಾಯಿ ಇದು. ದನ, ಜನ, ಸಂತೆ ಮಧ್ಯೆ ದಿನವಿಡೀ ಇರಬೇಕಿದ್ದ ನಾಯಿ ಕಂಡಕಂಡವರಿಗೆ ಬಾಯಿ ಹಾಕಿದ್ದರೆ ವ್ಯಾಪಾರ ಆಗ್ತಿತ್ತಾ?

ಮೂರು ತಿಂಗಳು ತಯಾರಿ. ಚೌಕದಲ್ಲಿ ನಾಲ್ಕೂ ಕಾಲು ಸರಿಯಾಗಿ ಊರಿ ನಿಲ್ಲೋದು, ಸಡಿಲವಾದ ಹಗ್ಗದಲ್ಲಿ ಒಂದೇ ಲಯದಲ್ಲಿ ಓಡೋದು, ಇವೆರಡನ್ನೂ ಬೇಗ ಕಲಿತ. ಕಷ್ಟ ಆಗಿದ್ದು ಹಲ್ಲು. ಮೊದಲು ನಾನು ತುಟಿ ಎತ್ತಿ ನೋಡೋದು, ಆಮೇಲೆ ಹೆಂಡತಿ, ಆಮೇಲೆ ಗೆಳೆಯರು, ಆಮೇಲೆ ಪಾರ್ಕಿನಲ್ಲಿ ಸಿಗೋ ನಾಯಿ ಸಾಕಿದವರು. ಪ್ರತಿ ಸಲ ಒಂದು ತುಂಡು ಬೇಯಿಸಿದ ಕೋಳಿ. ಅವನು ಕಲಿತದ್ದು ಹಲ್ಲು ತೋರಿಸೋದಷ್ಟೇ ಅಲ್ಲ ಅಂತ ನನಗನ್ನಿಸುತ್ತೆ. ಹೊಸಬರು ಹತ್ತಿರ ಬಂದಾಗ ಅವರನ್ನ ನೋಡೋ ಮೊದಲು ನನ್ನ ಮುಖ ನೋಡೋದು ಕಲಿತ.

ಶೋ ದಿನ ಅಪ್ಪನೂ ಬಂದಿದ್ದರು. ನಾಯಿಗೆ ಇಷ್ಟು ಖರ್ಚು ಮಾಡಿ ಏನು ಮಾಡ್ತಾನೆ ನೋಡೋಣ ಅಂತ. ಮೈದಾನದಲ್ಲಿ ಶಾಮಿಯಾನ, ಹಗ್ಗ ಕಟ್ಟಿದ ರಿಂಗು, ಮೈಕಿನಲ್ಲಿ ನಂಬರ್ ಕೂಗೋ ಸದ್ದು, ನೂರಾರು ನಾಯಿ. ನಾನು ತೋಳಿಗೆ ನಂಬರ್ ಚೀಟಿ ಕಟ್ಟಿಕೊಳ್ಳೋ ಹೊತ್ತಿಗೆ ಅಪ್ಪ ಎರಡು ರಿಂಗು ಸುತ್ತಿ ಬಂದು ಕುರ್ಚಿ ಹಿಡಿದಿದ್ದರು. ಜಡ್ಜ್ ಒಂದು ನಾಯಿಯ ಬಾಯಿ ತೆರೆಸಿ ಹಲ್ಲು ನೋಡಿ, ಬೆನ್ನ ಮೇಲೆ ಕೈಯಾಡಿಸಿ, ಹಿಂದೆ ಬಗ್ಗಿ ಬೀಜ ಎರಡೂ ಇವೆಯಾ ಅಂತ ಮುಟ್ಟಿ ನೋಡಿ, ಕೊನೆಗೆ ಓಡಿಸಿ ನೋಡಿದ್ದು ಕಂಡು ಅಪ್ಪನ ಮುಖ ಅರಳಿತು.

"ಇದು ದನಿನ್ ಜಾತ್ರೆ ಅಲ್ವೇನಪ್ಪಾ!"

ಅಪ್ಪ ಸಿದ್ಧಗಂಗೆ ಜಾತ್ರೆಯಲ್ಲಿ, ಘಾಟಿಯಲ್ಲಿ ಹಳ್ಳಿಕಾರ್ ಜೋಡಿ ಕೊಂಡು ಮಾರಿದವರು. ಎರಡಲ್ಲು, ನಾಕಲ್ಲು, ಬಾಯ್ಗೂಡಿದ್ದು ಅಂತ ಹಲ್ಲು ನೋಡಿ ವಯಸ್ಸು ಹೇಳೋರು. ಸುಳಿ ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋರು. ಅರ್ಧ ಗಂಟೆಯಲ್ಲಿ ಅವರು ಪಕ್ಕದವರಿಗೆ ಯಾವ ನಾಯಿ ಹಿಂಗಾಲು ಎಳೆಯುತ್ತೆ ಅಂತ ಹೇಳ್ತಾ ಕೂತಿದ್ದರು. ಅದರಲ್ಲಿ ಮುಕ್ಕಾಲುಪಾಲು ಸರಿಯಾಗೇ ಇತ್ತು.

ನಮ್ಮ ಕ್ಲಾಸು ಬಂತು. ಸಾಲಿನಲ್ಲಿ ನಮಗಿಂತ ಮುಂದಿದ್ದದ್ದು ನೋಡಲು ಬಹಳ ಚೆಂದದ ನಾಯಿ, ತಲೆ ಒಂದು ಬಂಡೆಯ ಹಾಗೆ. ಜಡ್ಜ್ ಕೈ ಚಾಚಿದ ಕೂಡಲೇ ಅದು ಮೊದಲು ಹಿಂದೆ ಸರಿಯಿತು, ಆಮೇಲೆ ಗುರ್ರ್ ಅಂತು. ಇನ್ನೊಂದು ಅವಕಾಶ ಕೊಟ್ಟರು. ಈ ಸಲ ಹಲ್ಲು ಬಿಟ್ಟುಕೊಂಡು ನುಗ್ಗಿತು. ಜಡ್ಜ್ ಸಮಾಧಾನವಾಗೇ ಹೊರಗೆ ಕಳಿಸಿದರು. ಮಾಲೀಕ ಹೋಗ್ತಾ "ಗಾರ್ಡ್ ಡಾಗ್ ಮೇಡಂ, ಹಂಗೇ ಇರೋದು" ಅಂದ.

ಭೈರನ ಸರದಿ. ನಾನು ತುಟಿ ಎತ್ತಿದೆ, ಅವರು ಬಗ್ಗಿ ನೋಡಿದರು, ಹಣೆಯಿಂದ ಬಾಲದವರೆಗೆ ಕೈಯಾಡಿಸಿದರು. ಅವನು ಒಂದು ಸಲ ನನ್ನ ಮುಖ ನೋಡಿದ, ಆಮೇಲೆ ಎದುರಿಗೆ ನೋಡ್ತಾ ನಿಂತ. ಓಡುವಾಗ ಬೆನ್ನು ಸ್ವಲ್ಪ ಇಳಿಯುತ್ತೆ, ಅದಕ್ಕೇ ಮೂರನೇ ಸ್ಥಾನ. "ಬಟ್ ವೆರಿ ಸ್ಟೆಡಿ" ಅಂದರು ಜಡ್ಜ್. ನನಗೆ ಬೇಕಾಗಿದ್ದು ಆ ಮಾತು.

ಹೊರಗೆ ಬಂದಾಗ ಅಪ್ಪ ಇನ್ನೂ ಆ ಹೊರಗೆ ಕಳಿಸಿದ ನಾಯಿಯ ಗುಂಗಿನಲ್ಲೇ ಇದ್ದರು. "ಹಾಯೋ ಎತ್ತನ್ನ ಯಾರಾದ್ರೂ ಜಾತ್ರೆಗೆ ಹೊಡ್ಕಂಡ್ ಬತ್ತಾರಾ? ಅದ್ ಬಲ ಅಲ್ಲ ಕಣಪ್ಪಾ, ಬೆದರಿಕೆ. ಬೆದರಿರೋ ಎತ್ತು ಗೇಯ್ಮೆಗೂ ಆಗಾಕಿಲ್ಲ." ಮುದ್ದೆ ದಂಡ ಅಂದಿದ್ದನ್ನ ನಾನು ನೆನಪಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು: "ಅಲ್ಲ, ನಿಜವಾಗ್ಲೂ ಕಳ್ಳ ಬಂದ್ರೆ ಇವ್ನ್ ಏನ್ ಮಾಡ್ತಾನೆ?"

ಒಳ್ಳೇ ಪ್ರಶ್ನೆ, ಶೋ ಅದಕ್ಕೆ ಉತ್ತರ ಕೊಡಲ್ಲ. ರಿಂಗಿನಲ್ಲಿ ನೋಡೋದು ಮೈಕಟ್ಟು, ನಡಿಗೆ, ಮುಟ್ಟಿಸಿಕೊಳ್ಳೋ ತಾಳ್ಮೆ ಮಾತ್ರ. ಕಾವಲಿನ ಕೆಲಸವನ್ನೇ ಅಳೆಯೋ ಪರೀಕ್ಷೆಗಳು ಬೇರೆ ಇವೆ. ಜರ್ಮನಿಯಲ್ಲಿ ಹುಟ್ಟಿದ, ಮೊದಲು ಶುಟ್ಸ್‌ಹುಂಡ್ ಅಂತಿದ್ದ, ಈಗ ಐಜಿಪಿ ಅನ್ನೋ ಪರೀಕ್ಷೆಯಲ್ಲಿ ಮೂರು ಭಾಗ: ವಾಸನೆ ಹಿಡಿದು ಜಾಡು ನೋಡೋದು, ವಿಧೇಯತೆ, ರಕ್ಷಣೆ. ರಕ್ಷಣೆಯ ಭಾಗದಲ್ಲಿ ನಾಯಿ ದಪ್ಪ ತೋಳುಗವಸು ಹಾಕಿದ ವ್ಯಕ್ತಿಯನ್ನ ಹಿಡಿಯುತ್ತೆ. ಆದರೆ ಬಿಡು ಅಂದಾಗ ಬಿಡದಿದ್ದರೆ ಅಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಅಲ್ಲಿ ರಾಟ್‌ವೀಲರ್ ಕ್ಲಬ್ಬು ಮರಿ ಹಾಕಿಸೋಕೆ ಅನುಮತಿ ಕೊಡೋ ಮುಂಚೆಯೇ ನಾಯಿಯ ಮೈಕಟ್ಟಿನ ಜೊತೆ ಸ್ವಭಾವವನ್ನೂ ಪರೀಕ್ಷೆ ಮಾಡುತ್ತೆ. ನಮ್ಮಲ್ಲಿ ಚೆಂದದ ತಲೆ ಇದೆ ಅಂತ ಬೆದರೋ ನಾಯಿಯಿಂದಲೂ ಮರಿ ಹಾಕಿಸಿ ಆನ್‌ಲೈನಿನಲ್ಲಿ ಮಾರೋರಿದ್ದಾರೆ. ಕೊಂಡವರು ಅದನ್ನ ಬಾಲ್ಕನಿಯಲ್ಲಿ ಕಟ್ಟಿ, ಯಾರನ್ನೂ ಹತ್ತಿರ ಬಿಡದೆ, ಬೊಗಳಿದಾಗೆಲ್ಲ ಭೇಷ್ ಅಂದು ಬೆಳೆಸ್ತಾರೆ. ಒಂದು ದಿನ ಅದು ಮಗುವನ್ನ ಕಚ್ಚಿದಾಗ ಪಟ್ಟಿಗೆ ಸೇರೋದು ತಳಿಯ ಹೆಸರು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಪವಾಡ ಏನೂ ಆಗಲಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಪ್ರಕಾರ ಸಾಕುನಾಯಿಗೆ ಲಿಫ್ಟ್ ನಿಷೇಧಿಸೋ ಹಾಗಿಲ್ಲ. ಕಾಗದ ನನ್ನ ಪರ ಇದೆ. ಆದರೂ ಮಕ್ಕಳು ಸ್ಕೂಲಿಗೆ ಹೋಗೋ, ಬರೋ ಹೊತ್ತಿನಲ್ಲಿ ನಾನೂ ಭೈರನೂ ಮೆಟ್ಟಿಲು ಹಿಡೀತೀವಿ. ಅವನು ಹೆದರಿಸಲ್ಲ ಅನ್ನೋದು ಎಷ್ಟು ನಿಜವೋ, ಆ ಹುಡುಗನಿಗೆ ಹೆದರಿಕೆ ಆಗುತ್ತೆ ಅನ್ನೋದೂ ಅಷ್ಟೇ ನಿಜ. ಅವನ ಅಮ್ಮನಿಗೆ ಚೀಟಿ, ಲಸಿಕೆ ಕಾರ್ಡು, ಚಿಪ್ ನಂಬರ್ ಎಲ್ಲ ತೋರಿಸಿದೆ. ಮೂರನೇ ಬಹುಮಾನ ಯಾಕೆ ಬಂತು ಅಂತ ಕೇಳಿದರು. "ಓಡುವಾಗ ಬೆನ್ನು ಇಳಿಯುತ್ತೆ" ಅಂದೆ. "ಕಚ್ಚೋದಕ್ಕೆ ಅಲ್ವಲ್ಲ" ಅಂತ ನಕ್ಕರು. ಆದರೆ ಹುಡುಗನನ್ನ ಮುಂದೆ ಬಿಡಲಿಲ್ಲ. ನಾನೂ ಕರೆಯಲಿಲ್ಲ.