ತದಿಗೆಯ ರಾತ್ರಿ, ಬ್ಯಾಲಾಳಿನ ದಾರಿ

2024ರ ಮೇ 10, ಶುಕ್ರವಾರ. ರಾತ್ರಿ ಹತ್ತಾಗುತ್ತಾ ಬಂದಿದೆ. ನೀವು ರಾಜಾಜಿನಗರದ ನವರಂಗ್ ಸರ್ಕಲ್ಲಿನಲ್ಲಿ ನಿಂತಿದ್ದೀರಿ. ಅಕ್ಷಯ ತೃತೀಯ. ಒಡವೆ ಅಂಗಡಿಗಳು ಇನ್ನೂ ಬಾಗಿಲು ಹಾಕಿಲ್ಲ. ಅರ್ಧ ಗ್ರಾಂ, ಒಂದು ಗ್ರಾಂ ಕೊಂಡವರು ಪುಟ್ಟ ಕೆಂಪು ಪರ್ಸನ್ನು ಬ್ಯಾಗಿನ ತಳಕ್ಕೆ ತಳ್ಳಿ ಆಟೊ ಕರೆಯುತ್ತಿದ್ದಾರೆ. ಬಸವ ಜಯಂತಿಯೂ ಇವತ್ತೇ. ಬಸವೇಶ್ವರನಗರದ ಕಡೆಯಿಂದ ಬಂದ ಬಸ್ಸಿನಿಂದ ವಿಭೂತಿ ಧರಿಸಿದವರು ಇಳಿಯುತ್ತಿದ್ದಾರೆ. ತದಿಗೆ ಚಂದ್ರ ಆಗಲೇ ಮುಳುಗಿದ್ದಾನೆ. ತಲೆಯೆತ್ತಿದರೆ ಬೀದಿದೀಪ, ಅದರ ಮೇಲೆ ಕತ್ತಲು.

ಆ ಕತ್ತಲಲ್ಲಿ ಏನೋ ಬರುತ್ತಿದೆ. ಸೂರ್ಯನ ಮೇಲೆ 3664 ಎಂದು ನಂಬರು ಕೊಟ್ಟಿರುವ ಕಲೆಗಳ ಗುಂಪೊಂದಿದೆ. ಹದಿನೈದು ಭೂಮಿಗಳನ್ನು ಸಾಲಾಗಿಟ್ಟಷ್ಟು ಅಗಲ. ಅಲ್ಲಿ ಕಾಂತರೇಖೆಗಳು ಹುರಿಗೊಂಡು, ಕಡಿದು, ಮತ್ತೆ ಬೆಸೆದುಕೊಳ್ಳುವಾಗ ಕೂಡಿಟ್ಟ ಶಕ್ತಿಯೆಲ್ಲ ನಿಮಿಷಗಳಲ್ಲಿ ಹೊರಬೀಳುತ್ತದೆ. ಅದೇ ಸೌರಜ್ವಾಲೆ. ಜ್ವಾಲೆಯ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ಬಂದುಬಿಡುತ್ತದೆ. ಜೊತೆಗೆ ಸಿಡಿದ ಪ್ಲಾಸ್ಮಾಗೆ ಒಂದೆರಡು ದಿನ ಬೇಕು. ಆ ಪ್ಲಾಸ್ಮಾ ಈಗ ಬಾಗಿಲಿಗೆ ಬಂದಿದೆ.

ಆಟೊದಲ್ಲಿ ವಿಜಯನಗರಕ್ಕೆ ಬಂದು ನೇರಳೆ ಮಾರ್ಗದ ಮೆಟ್ರೊ ಹತ್ತುತ್ತೀರಿ. ರೈಲು ನಾಯಂಡಹಳ್ಳಿ ದಾಟುವ ಹೊತ್ತಿಗೆ, ಸುಮಾರು ಹತ್ತೂವರೆಗೆ, ಭೂಮಿಯ ಕಾಂತಕವಚಕ್ಕೆ ಮೊದಲ ಏಟು ಬೀಳುತ್ತದೆ. ದೀಪ ಮಿನುಗುವುದಿಲ್ಲ. ಎದುರಿನ ಸೀಟಿನ ಹುಡುಗ ರೀಲ್ಸ್ ನೋಡುತ್ತಲೇ ಇದ್ದಾನೆ.

ಕೆಂಗೇರಿಯಲ್ಲಿ ಇಳಿದು, ರಾಮೋಹಳ್ಳಿ, ದೊಡ್ಡ ಆಲದಮರದ ದಾರಿ ಹಿಡಿದು ಮುಂದೆ ಹೋದರೆ ಬ್ಯಾಲಾಳು. ಇಸ್ರೋದ ದೂರಬಾಹ್ಯಾಕಾಶ ಜಾಲ ಇರುವುದು ಅಲ್ಲೇ. ಬೇಲಿಯಾಚೆ 32 ಮೀಟರ್ ಅಗಲದ ಬಿಳಿ ತಟ್ಟೆ. 2008ರಲ್ಲಿ ಚಂದ್ರಯಾನದ ದನಿ ಕೇಳಿದ್ದು ಇದೇ. ಈಗ ಸೂರ್ಯನನ್ನು ಗಮನಿಸುವ ಇಸ್ರೋ ನೌಕೆ ಆದಿತ್ಯ-ಎಲ್1ರ ದನಿಗೂ ಇದೇ ಕಿವಿ; ನೌಕೆಯನ್ನು ನಡೆಸುವವರು ಕೂತಿರುವುದು ರಾಜಾಜಿನಗರಕ್ಕೆ ಹತ್ತಿರದ ಪೀಣ್ಯದಲ್ಲಿ. ಆದರೆ ಈ ಹೊತ್ತಿನಲ್ಲಿ ತಟ್ಟೆ ಆದಿತ್ಯನ ಕಡೆ ತಿರುಗಲಾರದು. ನೌಕೆ ಇರುವುದು ಸೂರ್ಯನ ದಿಕ್ಕಿಗೆ 15 ಲಕ್ಷ ಕಿಲೋಮೀಟರ್ ಆಚೆ. ನಮಗೆ ರಾತ್ರಿಯಾದರೆ ಅದು ನಮ್ಮ ಕಾಲಡಿಗೆ, ಭೂಗೋಳದ ಇನ್ನೊಂದು ಮಗ್ಗುಲಿಗೆ. ಇಂಥ ಹೊತ್ತಿಗೆಂದೇ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ನಿಲ್ದಾಣಗಳ ನೆರವಿದೆ. ಏಟು ಭೂಮಿಗೆ ಬೀಳುವ ಅರ್ಧ ಗಂಟೆ ಮೊದಲೇ ಅದೇ ಪ್ಲಾಸ್ಮಾ ಆದಿತ್ಯನನ್ನು ಸವರಿಕೊಂಡು ಬಂದಿತ್ತು.

ನಸುಕಿನಲ್ಲಿ ಈ ಕಾಂತ ಬಿರುಗಾಳಿ ಅಮೆರಿಕದವರ ಅಳತೆಪಟ್ಟಿಯ ಕೊನೆಯ ಮೆಟ್ಟಿಲು ಮುಟ್ಟುತ್ತದೆ: ಜಿ5. ಲಡಾಖಿನ ಹಾನ್ಲೆಯಲ್ಲಿ ಕೋರಮಂಗಲದ ಖಭೌತ ಸಂಸ್ಥೆಯ ಕ್ಯಾಮೆರಾಗಳು ಕೆಂಪೇರಿದ ಆಕಾಶವನ್ನು ಹಿಡಿಯುತ್ತವೆ. ಅಮೆರಿಕದಲ್ಲಿ ಬಿತ್ತನೆಯ ಕಾಲ. ಜಿಪಿಎಸ್ ನಂಬಿದ ಟ್ರ್ಯಾಕ್ಟರುಗಳು ಸಾಲು ತಪ್ಪುತ್ತವೆ. ಹಾಸನದಲ್ಲಿ ನಮ್ಮ ಉಪಗ್ರಹ ಕಾಯುವವರು ಎಚ್ಚರವಾಗಿದ್ದಾರೆ. ಬೆಂಗಳೂರಿಗೆ ಮಾತ್ರ ನಿದ್ದೆ. ನಾವಿರುವುದು ಭೂಮಧ್ಯರೇಖೆಗೆ ಹತ್ತಿರ, ಸಾಲದ್ದಕ್ಕೆ ಏಟು ಜೋರಾದದ್ದು ಬೆಳಗಿನ ಜಾವ.

ಇಷ್ಟಾದರೂ ಇದು ಚಿಕ್ಕದೇ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಕಣ್ಣಾರೆ ಕಂಡ ಜ್ವಾಲೆಯ ಬೆನ್ನಿಗೆ ಬಂದ ಬಿರುಗಾಳಿ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿಸಿತು. ಮುಂಬಯಿಯ ಕೊಲಾಬಾದ ಕಾಂತಮಾಪಕವನ್ನೂ ಅದು ಬಿಡಲಿಲ್ಲ. ಇನ್ನು ಸೂರ್ಯನಂಥ ಬೇರೆ ನಕ್ಷತ್ರಗಳದ್ದು ಬೇರೆಯೇ ಲೆಕ್ಕ. ಕೆಪ್ಲರ್ ದೂರದರ್ಶಕದ ಮಾಹಿತಿ ಜಾಲಾಡಿದ ಜಪಾನಿನ ತಂಡ 2012ರಲ್ಲಿ ಇಂಥ 148 ನಕ್ಷತ್ರಗಳಲ್ಲಿ 365 ಮಹಾಜ್ವಾಲೆಗಳನ್ನು ಹೆಕ್ಕಿತು. ಆಗ ಸಮಾಧಾನಕ್ಕೆ ಒಂದು ಮಾತಿತ್ತು: ಅವುಗಳಲ್ಲಿ ಬಹಳಷ್ಟು ಬುಗುರಿಯಂತೆ ಗಿರ್ರನೆ ತಿರುಗುವ ಎಳೆಯ ನಕ್ಷತ್ರಗಳು, ನಮ್ಮದು 25 ದಿನಕ್ಕೊಮ್ಮೆ ತಿರುಗುವ ನಡುವಯಸ್ಸಿನದು. ಈ ರಾತ್ರಿ ಕಳೆದು ಏಳು ತಿಂಗಳಿಗೆ, 2024ರ ಡಿಸೆಂಬರಿನಲ್ಲಿ, ಆ ಸಮಾಧಾನವೂ ಅಲುಗಾಡಿತು. ಸೂರ್ಯನನ್ನೇ ಹೋಲುವ 56,450 ನಕ್ಷತ್ರಗಳಲ್ಲಿ 2,889 ಮಹಾಜ್ವಾಲೆಗಳು. ನಕ್ಷತ್ರವೊಂದಕ್ಕೆ ಸರಾಸರಿ ನೂರು ವರ್ಷಕ್ಕೊಂದು. ಒಂದೊಂದೂ ಸೂರ್ಯನಲ್ಲಿ ನಾವು ಅಳೆದಿರುವ ಅತಿ ದೊಡ್ಡದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು.

ನೂರಕ್ಕೊಂದು ಅಂದರೆ, ಹಿಂದೆ ಬಿಟ್ಟು ಬಂದ ಆ ಆಲದಮರ, ಜನ ಹೇಳುವಂತೆ ಅದಕ್ಕೆ 400 ವರ್ಷವಾಗಿದ್ದರೆ, ಇಂಥ ನಾಲ್ಕನ್ನು ನೋಡಿರಬೇಕು. ನೋಡಿದ ಸುಳಿವಿಲ್ಲ. ಜಪಾನಿನ ಸೀಡರ್ ಮರಗಳ ಉಂಗುರದಲ್ಲಿ ಕ್ರಿ.ಶ. 774-75ರ ಹೊತ್ತಿಗೆ ಇಂಗಾಲ-14 ದಿಢೀರನೆ ಏರಿದೆ. ಸೂರ್ಯನಿಂದ ಬಂದ ಕಣಗಳ ಮಳೆಯ ಗುರುತು ಅದು. ಹತ್ತು ಸಾವಿರ ವರ್ಷಗಳಲ್ಲಿ ಅಂಥ ಖಚಿತ ಗುರುತು ಸಿಕ್ಕಿರುವುದು ಐದೇ. ಎಲ್ಲ ಜ್ವಾಲೆಯೂ ಕಣಗಳನ್ನು ನಮ್ಮ ಕಡೆಗೇ ಎಸೆಯಬೇಕೆಂದಿಲ್ಲ, ನಿಜ. ಆದರೂ ನಕ್ಷತ್ರಗಳ ಸಾಕ್ಷಿಗೂ ಮರಗಳ ಸಾಕ್ಷಿಗೂ ತಾಳೆಯಾಗುವುದಿಲ್ಲ.

ಬೆಳಗಾಯಿತು. ಆರಕ್ಕೆ ಮುಂಚೆಯೇ ಸೂರ್ಯ ಎದ್ದ. ಕೆಂಗೇರಿ ಬಸ್ ನಿಲ್ದಾಣದ ಪಕ್ಕದ ದರ್ಶಿನಿಯಲ್ಲಿ ಸ್ಟೀಲ್ ಲೋಟದ ಕಾಫಿ ಹಿಡಿದು ನಿಂತಿದ್ದೀರಿ. ಗಂಟೆ 6:53. ಅದೇ 3664ರಿಂದ ಎಕ್ಸ್ 5.8 ದರ್ಜೆಯ ಜ್ವಾಲೆ ಈ ಕ್ಷಣದಲ್ಲಿ ನೆತ್ತಿಗೇರಿದೆ. ಅದರ ಎಕ್ಸ್ ಕಿರಣಗಳು ವಾತಾವರಣದ ಮೇಲ್ಪದರದಲ್ಲೇ ಇಂಗಿಹೋಗುತ್ತಿವೆ. ನಿಮ್ಮ ಕೈಮೇಲೆ ಬಿದ್ದಿರುವುದು ಬರೀ ಎಳೆಬಿಸಿಲು. ಸೊಲೆಕ್ಸ್, ಹೀಲಿಯೋಸ್ ಎಂಬ, ಬೆಂಗಳೂರಿನಲ್ಲೇ ತಯಾರಾದ ಆದಿತ್ಯನ ಎರಡು ಉಪಕರಣಗಳು ಈ ದಿನಗಳ ಹಲವು ಜ್ವಾಲೆಗಳನ್ನು ದಾಖಲಿಸಿಕೊಂಡವು. ಆ ದತ್ತಾಂಶ ಬಂದು ಸೇರುವುದು ಬ್ಯಾಲಾಳಿಗೇ.

ನಮ್ಮ ಸೂರ್ಯ ಮಹಾಜ್ವಾಲೆ ಕಕ್ಕಿಯಾನೇ? ಕಕ್ಕಲಾರ ಎನ್ನುವ ಭೌತನಿಯಮ ಯಾವುದೂ ಇಲ್ಲ. ಆದರೆ ನೂರು ವರ್ಷಕ್ಕೊಂದು ಎಂಬ ಲೆಕ್ಕವನ್ನು ನಾನು ಒಪ್ಪಲಾರೆ. ಮರಗಳ ಸಾಕ್ಷಿಯೇ ಗಟ್ಟಿ. ಕ್ಯಾರಿಂಗ್ಟನ್ ಕಂಡದ್ದು ಮಾತ್ರ ಊಹೆಯಲ್ಲ, ಒಮ್ಮೆ ಆಗಿಹೋಗಿರುವುದು. ಕರೆಂಟು, ಉಪಗ್ರಹ ನೋಡಿಕೊಳ್ಳುವವರು ಮೊದಲು ಸಿದ್ಧವಾಗಬೇಕಾದದ್ದು ಅದಕ್ಕೆ.